ಕೋಟೆ ಬೇಕು, ಕಡಲ್ಗಳ್ಳರು ಬೇಕು: ಲೆಗೋ ಅಭಿಮಾನಿಗಳ ಬಯಕೆಯ ಪಟ್ಟಿ

ಪ್ಲಾಸ್ಟಿಕ್ಕಿನ ಪುಟ್ಟ ಇಟ್ಟಿಗೆಗಳನ್ನು ಒಂದರ ಮೇಲೊಂದು ಕೂರಿಸಿ ಮನೆ, ವಾಹನ, ಕೋಟೆಗಳನ್ನು ಕಟ್ಟುವ ಲೆಗೋ ಆಟಿಕೆಯನ್ನು ಅರಿಯದ ಮಕ್ಕಳು ಇಂದು ಮಹಾನಗರಗಳಲ್ಲಿ ವಿರಳ. ಹುಟ್ಟುಹಬ್ಬಕ್ಕೆ ಏನು ಬೇಕೆಂದು ಕೇಳಿದರೆ ಮೊದಲು ಬರುವ ಹೆಸರುಗಳಲ್ಲಿ ಇದೂ ಒಂದು. ಆದರೆ ಈ ಆಟಿಕೆಗೆ ಮಕ್ಕಳಷ್ಟೇ ಅಲ್ಲದೆ ಮೂವತ್ತು, ನಲವತ್ತು, ಐವತ್ತರ ಹರೆಯದ ಲಕ್ಷಾಂತರ ಅಭಿಮಾನಿಗಳೂ ಜಗತ್ತಿನಾದ್ಯಂತ ಇರುವರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಅವರು ವರ್ಷಗಟ್ಟಲೆ ಒಂದೇ ಬಗೆಯ ಬೇಡಿಕೆಯನ್ನು ಕಂಪನಿಯ ಮುಂದಿಡುತ್ತ ಬಂದಿದ್ದಾರೆ: ಕೋಟೆ, ಡ್ರ್ಯಾಗನ್, ಕಡಲ್ಗಳ್ಳರ ಹಡಗು, ಕಾಡಿನ ನಡುವಿನ ನಿಧಿ. ಈ ಬೇಡಿಕೆ ಹುಟ್ಟಿದ್ದು ಹೇಗೆ, ಅದರಲ್ಲಿ ಎಷ್ಟು ಈಡೇರಿದೆ, ಏನು ಉಳಿದಿದೆ ಎಂಬುದನ್ನು ಈ ಲೇಖನದಲ್ಲಿ ಪರಿಚಯಿಸಲು ಯತ್ನಿಸಿದ್ದೇವೆ. ಮಕ್ಕಳಿಗೆ ಆಟಿಕೆ ಕೊಳ್ಳುವ ತಂದೆ ತಾಯಂದಿರಿಗೆ, ಅಜ್ಜ ಅಜ್ಜಿಯರಿಗೆ ಇದು ನೆರವಾದೀತೆಂಬ ನಂಬಿಕೆ ನಮ್ಮದು.

ಇಟ್ಟಿಗೆಯ ಹುಟ್ಟು

ಡೆನ್ಮಾರ್ಕ್ ದೇಶದ ಬಿಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆಗಳ ತಯಾರಿಕೆಯನ್ನು ಆರಂಭಿಸಿದರು. ‘ಚೆನ್ನಾಗಿ ಆಡು’ ಎಂಬ ಅರ್ಥದ ಎರಡು ಡ್ಯಾನಿಷ್ ಪದಗಳನ್ನು ಕೂಡಿಸಿ ‘ಲೆಗೋ’ ಎಂಬ ಹೆಸರಿಟ್ಟರು. ಪ್ಲಾಸ್ಟಿಕ್ ಇಟ್ಟಿಗೆಗಳ ತಯಾರಿಕೆ ಮೊದಲಾದದ್ದು 1949ರಲ್ಲಿ. ಇಂದು ನಾವು ಕಾಣುವ, ಒಳಗಡೆ ಕೊಳವೆಗಳಿದ್ದು ಗಟ್ಟಿಯಾಗಿ ಕಚ್ಚಿಕೊಳ್ಳುವ ಇಟ್ಟಿಗೆಗೆ 1958ರ ಜನವರಿ 28ರಂದು ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. 1958ರ ಇಟ್ಟಿಗೆಯೂ ಇಂದಿನ ಇಟ್ಟಿಗೆಯೂ ಪರಸ್ಪರ ಹೊಂದಿಕೊಳ್ಳುತ್ತವೆ ಎಂಬುದು ಈ ಆಟಿಕೆಯ ದೊಡ್ಡ ಗುಣ. ಅಣ್ಣನ ಇಟ್ಟಿಗೆ ತಮ್ಮನಿಗೆ, ತಂದೆಯದು ಮಗಳಿಗೆ ಸಲ್ಲುವುದು ಇದರಿಂದಲೇ.

ಇಟ್ಟಿಗೆಗಳಿಂದ ಕಟ್ಟಡಗಳೇನೋ ಎದ್ದವು. ಅವುಗಳೊಳಗೆ ವಾಸಿಸಲು ಜನ ಬೇಕಲ್ಲವೇ? ಕೈಕಾಲು ಆಡಿಸಬಲ್ಲ, ನಗುಮೊಗದ ಪುಟ್ಟ ಗೊಂಬೆ 1978ರಲ್ಲಿ ಬಂದಿತು. ಅದೇ ವರ್ಷ ಆ ಗೊಂಬೆಗಳಿಗಾಗಿ ನಗರ, ಬಾಹ್ಯಾಕಾಶ ಮತ್ತು ಕೋಟೆ ಎಂಬ ಮೂರು ಲೋಕಗಳನ್ನು ಕಂಪನಿ ತೆರೆಯಿತು. ಅಭಿಮಾನಿಗಳ ಬಯಕೆಯ ಮೂಲ ಇರುವುದು ಇಲ್ಲಿಯೇ.

ಕೋಟೆಯ ಕಾಲ

1978ರ ಮೊದಲ ಕೋಟೆ ಹಳದಿ ಬಣ್ಣದ್ದು. ಅದರಲ್ಲಿ 767 ಬಿಡಿಭಾಗಗಳು, 14 ಗೊಂಬೆಗಳು. 1984ರಿಂದ ಬೂದು ಬಣ್ಣದ ಕೋಟೆಗಳು ಬಂದವು. ಕರಿಗಿಡುಗದ ಲಾಂಛನದ ‘ಬ್ಲ್ಯಾಕ್ ಫಾಲ್ಕನ್ಸ್’, ಸಿಂಹ ಲಾಂಛನದ ಯೋಧರು, 1987ರಲ್ಲಿ ಮರದ ಪೊಟರೆಯಲ್ಲಿ ಅಡಗುವ ‘ಫಾರೆಸ್ಟ್‌ಮೆನ್’, 1992ರಲ್ಲಿ ತೋಳ ಲಾಂಛನದ ದರೋಡೆಕೋರರು, 1993ರಲ್ಲಿ ಡ್ರ್ಯಾಗನ್ ಸಾಕುವ ಮಾಂತ್ರಿಕ ಹೀಗೆ ಒಂದರ ಹಿಂದೊಂದು ಪಂಗಡಗಳು ಹುಟ್ಟಿಕೊಂಡವು. 2007ರಲ್ಲಿ ಬಂದ ಕೋಟೆಯ ಸರಣಿಯಲ್ಲಂತೂ ಅಸ್ಥಿಪಂಜರದ ಸೈನ್ಯ, ಕುಬ್ಜರು, ರಾಕ್ಷಸರು ಸೇರಿ ಪೂರ್ಣ ಪ್ರಮಾಣದ ಅದ್ಭುತ ಲೋಕವೇ ನಿರ್ಮಾಣವಾಯಿತು.

ಈ ಲೋಕಗಳ ವಿಶೇಷವೆಂದರೆ ಇವಕ್ಕೆ ಬರೆದಿಟ್ಟ ಕತೆ ಬಹಳ ಕಡಿಮೆ. ಪೆಟ್ಟಿಗೆಯ ಮೇಲೆ ಒಂದು ಚಿತ್ರ, ಧ್ವಜದ ಮೇಲೆ ಒಂದು ಲಾಂಛನ, ಅಷ್ಟೇ. ಗಿಡುಗದವರು ಒಳ್ಳೆಯವರೋ ಕೆಟ್ಟವರೋ ಎಂಬುದನ್ನು ಆಡುವ ಮಗುವೇ ತೀರ್ಮಾನಿಸಬೇಕಿತ್ತು. ನಮ್ಮ ಮನೆಗಳ ದಸರಾ ಗೊಂಬೆ ಹಬ್ಬವನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪಟ್ಟದ ಗೊಂಬೆ, ಶೆಟ್ಟಿಯ ಅಂಗಡಿ, ಮುಂದೆ ಮಕ್ಕಳು ಮರಳು ರಾಗಿಪೈರುಗಳಿಂದ ಮಾಡುವ ಪಾರ್ಕು, ಇವುಗಳ ನಡುವಿನ ಕತೆಯನ್ನು ಯಾರೂ ಬರೆದುಕೊಟ್ಟಿಲ್ಲ. ಪ್ರತಿ ಮನೆಯವರೂ ತಮಗೆ ತೋಚಿದಂತೆ ಜೋಡಿಸುತ್ತಾರೆ, ಹೇಳುತ್ತಾರೆ.

ಕಡಲ್ಗಳ್ಳರು ಮತ್ತು ಸಾಹಸಿಗರು

1989ರಲ್ಲಿ ಕಡಲ್ಗಳ್ಳರ ಸರಣಿ ಬಂದಿತು. ಅಲ್ಲಿಯವರೆಗೆ ಎಲ್ಲ ಗೊಂಬೆಗಳಿಗೂ ಒಂದೇ ನಗುಮುಖ. ಈ ಸರಣಿಯಲ್ಲಿ ಮೊದಲ ಬಾರಿಗೆ ಗಡ್ಡ, ಮೀಸೆ, ಕಣ್ಣುಪಟ್ಟಿಗಳ ಬೇರೆ ಬೇರೆ ಮುಖಗಳು, ಮರದ ಕಾಲು, ಕೊಕ್ಕೆಯ ಕೈ ಕಾಣಿಸಿಕೊಂಡವು. ‘ಬ್ಲ್ಯಾಕ್ ಸೀಸ್ ಬರಾಕುಡಾ’ ಎಂಬ ಹಡಗು ಮತ್ತು ‘ಎಲ್ಡೊರಾಡೊ ಫೋರ್ಟ್ರೆಸ್’ ಎಂಬ ಕಡಲ ಕೋಟೆ ಅಂದಿನ ಮಕ್ಕಳ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತವು.

1998ರಲ್ಲಿ ‘ಅಡ್ವೆಂಚರರ್ಸ್’ ಎಂಬ ಸಾಹಸ ಸರಣಿ ಆರಂಭವಾಯಿತು. ಜಾನಿ ಥಂಡರ್ ಎಂಬ ಸಾಹಸಿ ಮೊದಲು ಈಜಿಪ್ಟಿನ ಮರುಭೂಮಿಗೆ, ಮರುವರ್ಷ ಕಾಡಿಗೆ, 2000ದಲ್ಲಿ ಡೈನೋಸಾರ್ ದ್ವೀಪಕ್ಕೆ ಹೋದ. 2003ರಲ್ಲಿ ಅವನು ಬಂದದ್ದು ನಮ್ಮ ಭಾರತಕ್ಕೆ! ಮಾರ್ಕೋ ಪೋಲೋವಿನ ಚಿನ್ನದ ಡ್ರ್ಯಾಗನ್ನನ್ನು ಹುಡುಕುತ್ತ ಭಾರತ, ಹಿಮಾಲಯ, ಚೀನಾಗಳನ್ನು ಸುತ್ತುವ ಆ ಸರಣಿಯಲ್ಲಿ ‘ಎಲಿಫೆಂಟ್ ಕ್ಯಾರವಾನ್’ ಎಂಬ ಆನೆಯ ಸೆಟ್ಟೂ ‘ಸ್ಕಾರ್ಪಿಯನ್ ಪ್ಯಾಲೇಸ್’ ಎಂಬ ಅರಮನೆಯೂ ಇದ್ದವು. ಅರಮನೆಯ ಒಡೆಯನ ಹೆಸರು ಮಹಾರಾಜ ಲಲ್ಲು. ಬಬ್ಲೂ ಎಂಬ ಇನ್ನೊಂದು ಪಾತ್ರವೂ ಉಂಟು. ಓದಿದರೆ ನಗು ಬರುತ್ತದೆ, ಆದರೆ ಆ ಮಾತಿಗೆ ಮುಂದೆ ಬರೋಣ.

ಸಿನಿಮಾ ಬಂದಿತು, ಸ್ವಂತ ಕತೆ ಸರಿಯಿತು

1999ರಲ್ಲಿ ಕಂಪನಿ ಮೊದಲ ಬಾರಿಗೆ ‘ಸ್ಟಾರ್ ವಾರ್ಸ್’ ಚಲನಚಿತ್ರದ ಹಕ್ಕು ಪಡೆದು ಸೆಟ್ಟುಗಳನ್ನು ಹೊರತಂದಿತು. 2001ರಲ್ಲಿ ‘ಹ್ಯಾರಿ ಪಾಟರ್’ ಬಂದಿತು. 2003 ಮತ್ತು 2004 ಕಂಪನಿಗೆ ಭಾರೀ ನಷ್ಟದ ವರ್ಷಗಳು. 2004ರಲ್ಲಿ ಸ್ಥಾಪಕ ಕುಟುಂಬಕ್ಕೆ ಹೊರಗಿನವರಾದ ಯೋರ್ಗನ್ ವಿಗ್ ಕ್ನುಡ್‌ಸ್ಟಾರ್ಪ್ ಮುಖ್ಯಸ್ಥರಾಗಿ ಬಂದು ಸಂಸ್ಥೆಯನ್ನು ಉಳಿಸಿದರು. ಇಂಥ ಕಾಲದಲ್ಲಿ ಜನಕ್ಕೆ ಮೊದಲೇ ಪರಿಚಿತವಾದ ಸಿನಿಮಾ ಕತೆಗಳ ಸೆಟ್ಟು ಸುರಕ್ಷಿತ ಹೂಡಿಕೆ ಎನಿಸಿದ್ದು ಸಹಜವೇ. 2008ರಲ್ಲಿ ‘ಇಂಡಿಯಾನಾ ಜೋನ್ಸ್’ ಬಂದ ಮೇಲೆ ಜಾನಿ ಥಂಡರನ ಜಾಗ ತುಂಬಿದಂತಾಯಿತು. 2012ರಲ್ಲಿ ‘ಲಾರ್ಡ್ ಆಫ್ ದ ರಿಂಗ್ಸ್’ ಬಂದಿತು. ಕಂಪನಿಯ ಸ್ವಂತ ಕೋಟೆ ಸರಣಿ 2013ರ ಒಂದು ಸಣ್ಣ ಕಂತಿನೊಂದಿಗೆ, ಕಡಲ್ಗಳ್ಳರ ಸರಣಿ 2015ರ ಕಂತಿನೊಂದಿಗೆ ನಿಂತುಹೋದವು.

ಸ್ವಂತ ಕತೆಗಳನ್ನು ಕಂಪನಿ ಪೂರ್ತಿ ಕೈಬಿಟ್ಟಿತೆಂದಲ್ಲ. 2001ರಿಂದ 2010ರವರೆಗೆ ನಡೆದ ‘ಬಯೋನಿಕಲ್’, 2011ರಲ್ಲಿ ಹುಟ್ಟಿ ಇಂದಿಗೂ ಮುಂದುವರಿದಿರುವ ‘ನಿಂಜಾಗೋ’, 2015ರಿಂದ 2018ರವರೆಗಿನ ‘ಎಲ್ವ್ಸ್’, 2023ರಲ್ಲಿ ಆರಂಭವಾದ ‘ಡ್ರೀಮ್ಸ್’ ಇವೆಲ್ಲ ಕಂಪನಿಯವೇ ಅದ್ಭುತ ಸರಣಿಗಳು. ನಿಂಜಾಗೋವನ್ನು ಮುಗಿಸಲು ಕಂಪನಿ ಯೋಚಿಸಿತ್ತಾದರೂ ಅಭಿಮಾನಿಗಳ ಒತ್ತಾಯದಿಂದ ಅದು ಉಳಿದುಕೊಂಡಿತು. ಆದರೆ ಇವುಗಳ ಬೆನ್ನಿಗೆ ಟೀವಿ ಧಾರಾವಾಹಿಯೋ ಚಿತ್ರಕತೆಯೋ ಇರುತ್ತದೆ. ನಾಯಕನ ಹೆಸರು, ವೈರಿಯ ಹೆಸರು, ಕೊನೆಗೆ ಗೆಲ್ಲುವವರಾರು ಎಂಬುದು ಮೊದಲೇ ಗೊತ್ತು. ಹಳೆಯ ಕೋಟೆಯಂತೆ ಹೆಸರಿಲ್ಲದ ರಾಜ, ಹೆಸರಿಲ್ಲದ ಸೈನಿಕ ಬೇಕೆಂಬುದು ಅಭಿಮಾನಿಗಳ ಹಂಬಲ.

ಕೇಳುವುದಕ್ಕೊಂದು ಏರ್ಪಾಡು

ಬಯಕೆಗಳನ್ನು ಕೇಳಿಸಿಕೊಳ್ಳಲು ಕಂಪನಿ 2008ರಲ್ಲಿ ಜಪಾನಿನ ಸಂಸ್ಥೆಯೊಂದರ ಜತೆಗೂಡಿ ‘ಕೂಸೊ’ ಎಂಬ ಏರ್ಪಾಡನ್ನು ಪ್ರಾರಂಭಿಸಿತು. ಜಪಾನೀ ಭಾಷೆಯಲ್ಲಿ ಆ ಪದಕ್ಕೆ ಕಲ್ಪನೆ, ಹಗಲುಗನಸು ಎಂದರ್ಥ. 2011ರಲ್ಲಿ ಅದು ಜಗತ್ತಿಗೆಲ್ಲ ತೆರೆದುಕೊಂಡಿತು. 2014ರಲ್ಲಿ ‘ಲೆಗೋ ಐಡಿಯಾಸ್’ ಎಂಬ ಹೆಸರು ಪಡೆಯಿತು.

ಅದರ ಕ್ರಮ ಹೀಗಿದೆ. ಅಭಿಮಾನಿಯೊಬ್ಬರು ತಾವು ವಿನ್ಯಾಸಗೊಳಿಸಿದ ಮಾದರಿಯ ಚಿತ್ರಗಳನ್ನು ಸಲ್ಲಿಸುತ್ತಾರೆ. ನಿಗದಿತ ಅವಧಿಯಲ್ಲಿ 10,000 ಮಂದಿಯ ಬೆಂಬಲ ದೊರೆತರೆ ಕಂಪನಿಯ ತಜ್ಞರ ಮಂಡಳಿ ಅದನ್ನು ಪರಿಶೀಲಿಸುತ್ತದೆ. ಬೆಂಬಲ ಸಿಕ್ಕ ಮಾತ್ರಕ್ಕೆ ಸೆಟ್ಟು ಖಚಿತವಲ್ಲ. ಬಹುಪಾಲು ಸಲಹೆಗಳು ಈ ಹಂತದಲ್ಲೇ ತಿರಸ್ಕೃತವಾಗುತ್ತವೆ. ಒಪ್ಪಿಗೆಯಾದರೆ ಕಂಪನಿಯ ವಿನ್ಯಾಸಕಾರರು ಅದನ್ನು ತಿದ್ದಿ ತೀಡಿ ಮಾರುಕಟ್ಟೆಗೆ ತರುತ್ತಾರೆ. ಮೂಲ ವಿನ್ಯಾಸಕಾರರಿಗೆ ನಿವ್ವಳ ಮಾರಾಟದ ಶೇಕಡಾ 1ರಷ್ಟು ಗೌರವಧನ ಸಲ್ಲುತ್ತದೆ.

ತಿರಸ್ಕೃತವಾದವುಗಳಿಗೂ ಇನ್ನೊಂದು ದಾರಿ ತೆರೆಯಿತು. ಬಿಡಿಭಾಗಗಳ ಬೃಹತ್ ಮಾರುಕಟ್ಟೆಯಾದ ಬ್ರಿಕ್‌ಲಿಂಕನ್ನು ಲೆಗೋ 2019ರಲ್ಲಿ ಕೊಂಡುಕೊಂಡಿತು. ಅದರ ಮೂಲಕ 2021ರಲ್ಲಿ, ಮೊದಲು ಒಪ್ಪಿಗೆ ಸಿಗದಿದ್ದ ಕೆಲವು ಮಾದರಿಗಳನ್ನು ಮುಂಗಡ ಬೇಡಿಕೆಯ ಆಧಾರದ ಮೇಲೆ ಸೀಮಿತ ಸಂಖ್ಯೆಯಲ್ಲಿ ತಯಾರಿಸಲಾಯಿತು. ಅವುಗಳಲ್ಲಿ ‘ಕ್ಯಾಸಲ್ ಇನ್ ದ ಫಾರೆಸ್ಟ್’ ಎಂಬ ಕಾಡಿನ ಕೋಟೆಯೂ ಒಂದು. ಬೇಡಿಕೆ ನಿಜವೆಂಬುದಕ್ಕೆ ಅದು ಬೇಗನೆ ಖಾಲಿಯಾದದ್ದೇ ಸಾಕ್ಷಿ.

ಈಡೇರಿದ ಬಯಕೆಗಳು

2020ರ ನಂತರ ಅಭಿಮಾನಿಗಳಿಗೆ ಸುಗ್ಗಿಯೋ ಸುಗ್ಗಿ. ಮುಖ್ಯವಾದವುಗಳನ್ನು ವರ್ಷವಾರು ನೋಡೋಣ.

2020: ‘ಪೈರೇಟ್ಸ್ ಆಫ್ ಬರಾಕುಡಾ ಬೇ’, 2,545 ಭಾಗಗಳು. ಐಡಿಯಾಸ್ ಮೂಲಕ ಬಂದ ಕಡಲ್ಗಳ್ಳರ ದ್ವೀಪ. ದ್ವೀಪವಾಗಿರುವ ಒಡೆದ ಹಡಗಿನ ತುಂಡುಗಳನ್ನು ಸೇರಿಸಿದರೆ 1989ರ ಬರಾಕುಡಾ ಹಡಗು ಮತ್ತೆ ಮೈದಳೆಯುತ್ತದೆ.

2021: ‘ಮೆಡೀವಲ್ ಬ್ಲ್ಯಾಕ್‌ಸ್ಮಿತ್’, 2,164 ಭಾಗಗಳು. ಇದೂ ಅಭಿಮಾನಿಯ ಸಲಹೆಯೇ. ಮಧ್ಯಯುಗದ ಕಮ್ಮಾರನ ಮನೆ ಮತ್ತು ಕುಲುಮೆ. ಹಳೆಯ ಕರಿಗಿಡುಗದ ಯೋಧರು ಇದರಲ್ಲಿ ಮರಳಿ ಬಂದರು.

2022: ‘ಲಯನ್ ನೈಟ್ಸ್ ಕ್ಯಾಸಲ್’, 4,514 ಭಾಗಗಳು. ಕಂಪನಿಯ 90ನೆಯ ವರ್ಷದ ನೆನಪಿಗಾಗಿ ಹಳೆಯ ಸರಣಿಗಳ ಬಗ್ಗೆ ಅಭಿಮಾನಿಗಳ ಮತ ಕೇಳಿದಾಗ ಬಯೋನಿಕಲ್, ಬಾಹ್ಯಾಕಾಶಗಳೊಂದಿಗೆ ಕೋಟೆಯೂ ಮುಂಚೂಣಿಯಲ್ಲಿತ್ತು. ಅದರ ಫಲವೇ ಈ ಬೃಹತ್ ಕೋಟೆ.

2023: ‘ಎಲ್ಡೊರಾಡೊ ಫೋರ್ಟ್ರೆಸ್’ ಹೊಸ ರೂಪದಲ್ಲಿ, 2,509 ಭಾಗಗಳು. ಅದೇ ವರ್ಷ ಲಾರ್ಡ್ ಆಫ್ ದ ರಿಂಗ್ಸ್ ಕತೆಯ ‘ರಿವೆಂಡೆಲ್’, 6,167 ಭಾಗಗಳು.

2024: ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ 50ನೆಯ ವರ್ಷಕ್ಕಾಗಿ, ಸ್ಪರ್ಧೆಯಲ್ಲಿ ಗೆದ್ದ ಅಭಿಮಾನಿಯ ವಿನ್ಯಾಸದ ಆಧಾರದ ಮೇಲೆ, 3,745 ಭಾಗಗಳ ಕೆಂಪು ಡ್ರ್ಯಾಗನ್ನಿನ ಸೆಟ್ಟು. ಹಲವು ಬಾರಿ ತಿರಸ್ಕೃತವಾಗಿದ್ದ ‘ಜೆಲ್ಡಾ’ ವೀಡಿಯೋ ಆಟದ ಬಯಕೆಯೂ 2,500 ಭಾಗಗಳ ಮಹಾವೃಕ್ಷದ ರೂಪದಲ್ಲಿ ಈಡೇರಿತು. 3,304 ಭಾಗಗಳ ‘ಮೆಡೀವಲ್ ಟೌನ್ ಸ್ಕ್ವೇರ್’ ಎಂಬ ಪೇಟೆಬೀದಿಯೂ ಬಂದಿತು.

ಒಂದು ಮೇಕೆಯ ಪ್ರಸಂಗ

ಅಭಿಮಾನಿಗಳ ಹಟಕ್ಕೆ ಸೊಗಸಾದ ನಿದರ್ಶನವೆಂದರೆ ಮೇಕೆ. 2011ರಲ್ಲಿ ಬಂದ ‘ಮಿಲ್ ವಿಲೇಜ್ ರೇಡ್’ ಎಂಬ ಹಳ್ಳಿಯ ಸೆಟ್ಟಿನಲ್ಲಿ ಪುಟ್ಟ ಪ್ಲಾಸ್ಟಿಕ್ ಮೇಕೆ ಇತ್ತು. ಆ ಸೆಟ್ಟು ಮಾರುಕಟ್ಟೆಯಿಂದ ಮರೆಯಾದ ಮೇಲೆ ವರ್ಷಗಳ ಕಾಲ ಮೇಕೆ ಮತ್ತೆ ಬರಲಿಲ್ಲ. ಹಸು, ಕುದುರೆ, ಹಂದಿ ಎಲ್ಲ ಬಂದವು. ಮೇಕೆ ಮಾತ್ರ ಇಲ್ಲ. ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ಬೆರಳುದ್ದದ ಆ ಪ್ರಾಣಿಗೆ ನಮ್ಮ ಲೆಕ್ಕದಲ್ಲಿ ಸಾವಿರಾರು ರೂಪಾಯಿ ಬೆಲೆ ಬಂದಿತು. ಮಧ್ಯಯುಗದ ಹಳ್ಳಿಯೆಂದ ಮೇಲೆ ಮೇಕೆ ಬೇಡವೇ ಎಂಬುದು ಅಭಿಮಾನಿಗಳ ನಿತ್ಯದ ಅಳಲಾಯಿತು. ಕೊನೆಗೆ 2024ರ ಪೇಟೆಬೀದಿಯ ಸೆಟ್ಟಿನಲ್ಲಿ ಮೇಕೆ ಮರಳಿ ಬಂದಾಗ ಕೋಟೆ ಬಂದಷ್ಟೇ ಸಂಭ್ರಮವಾಯಿತು. ಕಂಪನಿ ಕೇಳಿಸಿಕೊಳ್ಳುತ್ತದೆ, ಆದರೆ ನಿಧಾನವಾಗಿ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಲೆಕ್ಕ ಬಿಡಿಸಿದಾಗ

ಇಷ್ಟೆಲ್ಲ ಈಡೇರಿದ ಮೇಲೆ ಅಭಿಮಾನಿಗಳು ಇನ್ನೂ ಏನು ಕೇಳುತ್ತಾರೆ? ಬ್ಯಾಂಕಿನ ಕೆಲಸದಲ್ಲಿ ಅಂಕಿಗಳ ನಡುವೆಯೇ ಬಾಳಿದ ನಮಗೆ ಇದರ ಉತ್ತರವೂ ಅಂಕಿಗಳಲ್ಲೇ ಕಂಡಿತು.

ಲಯನ್ ನೈಟ್ಸ್ ಕ್ಯಾಸಲ್ ಬಿಡುಗಡೆಯಾದಾಗ ಅಮೆರಿಕದಲ್ಲಿ ಅದರ ಬೆಲೆ ಸುಮಾರು 400 ಡಾಲರ್. ರಿವೆಂಡೆಲ್ಲಿನದು ಸುಮಾರು 500, ಕೆಂಪು ಡ್ರ್ಯಾಗನ್ನಿನದು ಸುಮಾರು 360. ಮೇಲಿನ ಪಟ್ಟಿಯ ಬಹುತೇಕ ಸೆಟ್ಟುಗಳ ಪೆಟ್ಟಿಗೆಯ ಮೇಲೆ 18 ವರ್ಷ ಮೇಲ್ಪಟ್ಟವರಿಗೆ ಎಂಬ ಸೂಚನೆ ಇದೆ. ಅಂದರೆ 1980ರ ದಶಕದಲ್ಲಿ ಮಗುವಾಗಿದ್ದು ಈಗ ಸಂಬಳ ಎಣಿಸುತ್ತಿರುವವರ ಬಯಕೆ ಈಡೇರಿತು. ಇಂದಿನ ಮಗುವಿನ ಬಯಕೆ?

ಮಕ್ಕಳಿಗೆಂದು 2021ರಲ್ಲಿ ಬಂದ, ಒಂದೇ ಪೆಟ್ಟಿಗೆಯಿಂದ ಮೂರು ಬಗೆಯಲ್ಲಿ ಕಟ್ಟಬಹುದಾದ ‘ಮೆಡೀವಲ್ ಕ್ಯಾಸಲ್’ ಇದೆ. ಅಂದಿನ ಬೆಲೆ ಸುಮಾರು 100 ಡಾಲರ್, 1,426 ಭಾಗಗಳು. ಒಂದು ಭಾಗಕ್ಕೆ ಸುಮಾರು 7 ಸೆಂಟ್ ಬೀಳುತ್ತದೆ. ದೊಡ್ಡ ಕೋಟೆಯಲ್ಲಿ ಸುಮಾರು 9 ಸೆಂಟ್. ಹೀಗೆ ನೋಡಿದರೆ ಮಕ್ಕಳ ಸೆಟ್ಟೇ ಅಗ್ಗ. ಆದರೆ ಗೊಂಬೆಗಳನ್ನು ಎಣಿಸಿರಿ. 1978ರ ಹಳದಿ ಕೋಟೆಯಲ್ಲಿ 767 ಭಾಗಗಳಿಗೆ 14 ಗೊಂಬೆಗಳು: ಸುಮಾರು 55 ಭಾಗಕ್ಕೊಂದು. 2022ರ ದೊಡ್ಡ ಕೋಟೆಯಲ್ಲಿ 22 ಗೊಂಬೆಗಳು: ಸುಮಾರು 205 ಭಾಗಕ್ಕೊಂದು. 2021ರ ಮಕ್ಕಳ ಕೋಟೆಯಲ್ಲಿ ಕೇವಲ 3: ಸುಮಾರು 475 ಭಾಗಕ್ಕೊಂದು. ಇಂದಿನ ಭಾಗಗಳು ಹಿಂದಿನವಕ್ಕಿಂತ ಚಿಕ್ಕವು, ಗೋಡೆಗಳು ಹೆಚ್ಚು ಕುಸುರಿಯವು ಎಂಬುದನ್ನು ಗಣಿಸಿದರೂ ಅಂತರ ದೊಡ್ಡದು. ಕೋಟೆ ಬೆಳೆಯಿತು, ಅದರ ಜನಸಂಖ್ಯೆ ಕುಗ್ಗಿತು.

ಮೂರು ಗೊಂಬೆಗಳಿಂದ ಮುತ್ತಿಗೆ ಹೇಗೆ ಹಾಕುವುದು? ರಾಜ, ಸೇನಾಪತಿ, ಕಮ್ಮಾರ, ಕಳ್ಳ, ಅಡುಗೆಯವಳು ಇಲ್ಲದೆ ಕತೆ ಹೇಗೆ ಹುಟ್ಟುವುದು? ಕಲ್ಲಿನ ಗೋಡೆ ಶೋಕೇಸಿನಲ್ಲಿ ಚೆನ್ನಾಗಿ ಕಾಣುತ್ತದೆ. ಕತೆ ನಡೆಸುವವರು ಪಾತ್ರಗಳೇ. ಅಭಿಮಾನಿಗಳ ಉಳಿದ ಬಯಕೆಗಳನ್ನು ಈ ಬೆಳಕಿನಲ್ಲಿ ಓದಿದರೆ ಅವುಗಳ ತಿರುಳು ಗೊತ್ತಾಗುತ್ತದೆ.

ಇನ್ನೂ ಉಳಿದಿರುವುದು

ಮೊದಲನೆಯದು, ಸಣ್ಣ ಪೆಟ್ಟಿಗೆಗಳು. ನಾಲ್ಕು ಸೈನಿಕರು, ಒಂದು ಚಿಕ್ಕ ಬಂಡಿ, ಕೈಗೆಟುಕುವ ಬೆಲೆ. ಸ್ಟಾರ್ ವಾರ್ಸ್ ಸರಣಿಯಲ್ಲಿ 2007ರಿಂದಲೇ ಇಂಥ ಸೈನ್ಯದ ಪೆಟ್ಟಿಗೆಗಳುಂಟು. ಕೋಟೆಗೂ ಬೇಕೆಂಬುದು ಬೇಡಿಕೆ. ಎರಡನೆಯದು, ಬಿಡಿ ಸೆಟ್ಟುಗಳ ಬದಲು ವರ್ಷದಿಂದ ವರ್ಷಕ್ಕೆ ಮುಂದುವರಿಯುವ ಪೂರ್ಣ ಸರಣಿ, ಅದರಲ್ಲಿ ಕನಿಷ್ಠ ಎರಡು ಎದುರಾಳಿ ಪಂಗಡಗಳು. ಮೂರನೆಯದು, ಕುಬ್ಜರು, ರಾಕ್ಷಸರು, ಅಸ್ಥಿಪಂಜರಗಳಿದ್ದ 2007ರ ಅದ್ಭುತ ಲೋಕದ ಮರುಪ್ರವೇಶ. ನಾಲ್ಕನೆಯದು, ಜಾನಿ ಥಂಡರನಂತೆ ದೇಶ ಸುತ್ತುವ ಸಾಹಸಿಯ ಸರಣಿ. ಐದನೆಯದು, ‘ಎಲ್ವ್ಸ್’ ಸರಣಿಯ ಬಣ್ಣ ಬಣ್ಣದ ಡ್ರ್ಯಾಗನ್ನುಗಳು. ಅಂದು ಆಡಿದ ಹುಡುಗಿಯರು ಇಂದು ಯುವತಿಯರಾಗಿ ಅದನ್ನು ಮರಳಿ ಕೇಳುತ್ತಿದ್ದಾರೆ.

ನಮ್ಮ ಕತೆಗಳ ಸರದಿ

ಈಗ ಮಹಾರಾಜ ಲಲ್ಲುವಿನ ಮಾತಿಗೆ ಬರೋಣ. ಆನೆ, ಚೇಳು, ಅರಮನೆ ಇಷ್ಟೇ ಭಾರತವೆಂದು 2003ರಲ್ಲಿ ಡೆನ್ಮಾರ್ಕಿನ ವಿನ್ಯಾಸಕಾರರಿಗೆ ತೋಚಿದ್ದರೆ ಅದರಲ್ಲಿ ಅಚ್ಚರಿಯಿಲ್ಲ. ಬೇರೆ ಕತೆಯನ್ನು ಅವರಿಗೆ ಹೇಳಿದವರಾರು? ಮುಂದೆ 2008ರಲ್ಲಿ ಸುಮಾರು 5,900 ಭಾಗಗಳ ತಾಜ್ ಮಹಲ್ ಬಂದಿತು, 2017ರಲ್ಲಿ ಮತ್ತೊಮ್ಮೆ ಬಂದಿತು. ಅದು ನೋಡಲು ಸುಂದರವಾದ ಕಟ್ಟಡ, ಸಾಹಸದ ಆಟವಲ್ಲ. ಚೀನಾದ ವಿಷಯ ಬೇರೆ. ಅಲ್ಲಿನ ಪ್ರಾಚೀನ ‘ಪಶ್ಚಿಮ ಯಾತ್ರೆ’ಯ ವಾನರ ವೀರನ ಕತೆಯನ್ನು ಆಧರಿಸಿ 2020ರಲ್ಲಿ ‘ಮಂಕಿ ಕಿಡ್’ ಎಂಬ ಇಡೀ ಸರಣಿಯನ್ನೇ ಕಂಪನಿ ಹೊರತಂದಿತು. ಒಂದು ನಾಡಿನ ಸ್ವಂತ ಕತೆ ಆಟಿಕೆಯಾಗಬಲ್ಲುದೆಂಬುದು ಇದರಿಂದ ಸ್ಪಷ್ಟವಾಗಿದೆ.

ಕೋಟೆ ಮತ್ತು ಕಡಲು ಇವೆರಡೇ ಬೇಕಿದ್ದರೆ ಕನ್ನಡಿಗರಿಗೆ ಬರವೇ? ಏಳು ಸುತ್ತಿನ ಚಿತ್ರದುರ್ಗದ ಕೋಟೆಗೆ, ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಓಬವ್ವನಿಗೆ ಬೂದು ಇಟ್ಟಿಗೆಗಳು ಹೇಳಿ ಮಾಡಿಸಿದಂತಿವೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕನ ಕತೆಯಲ್ಲಿ ಹಡಗು, ಕೋಟೆ, ಕಡಲು ಮೂರೂ ಇವೆ. ಇವು ಕಂಪನಿಯಿಂದ ಪೆಟ್ಟಿಗೆಯಾಗಿ ಬರುವವರೆಗೆ ಮಕ್ಕಳು ಕಾಯಬೇಕಾಗಿಯೂ ಇಲ್ಲ. ಮನೆಯಲ್ಲಿರುವ ಇಟ್ಟಿಗೆಗಳೇ ಸಾಕು. ಕತೆ ಹೇಳುವ ಹಿರಿಯರೊಬ್ಬರು ಪಕ್ಕದಲ್ಲಿ ಕೂತರೆ ಆಯಿತು. ಮುಂಬಯಿ, ಪುಣೆ, ದೆಹಲಿಯಲ್ಲಿ ಹುಟ್ಟಿ ಬೆಳೆಯುವ ನಮ್ಮ ಮಕ್ಕಳಿಗೆ ಚಿತ್ರದುರ್ಗ ಪಠ್ಯಪುಸ್ತಕದಲ್ಲಿ ಸಿಗುವುದು ಅಪರೂಪ. ಆಟದಲ್ಲಾದರೂ ಸಿಗಲಿ.

ಕೊಳ್ಳುವವರಿಗೆ ನಮ್ಮ ಸಲಹೆ ಇಷ್ಟು. ಪೆಟ್ಟಿಗೆಯ ಗಾತ್ರ, ಭಾಗಗಳ ಸಂಖ್ಯೆಗಳ ಜತೆಗೆ ಒಳಗಿರುವ ಗೊಂಬೆಗಳನ್ನೂ ಎಣಿಸಿ ನೋಡಿರಿ. ಸೂಚನಾ ಪುಸ್ತಕದಂತೆ ಒಮ್ಮೆ ಕಟ್ಟಿ ಕಪಾಟಿನಲ್ಲಿಡುವ ಸೆಟ್ಟಿಗಿಂತ ಹಲವು ಬಗೆಯಲ್ಲಿ ಕಟ್ಟಬಹುದಾದುದನ್ನು, ಜತೆಗೆ ಒಂದಿಷ್ಟು ಬಿಡಿ ಇಟ್ಟಿಗೆಗಳನ್ನು ಆರಿಸಿರಿ. ದೊಡ್ಡವರು ಬಿಟ್ಟ ಹಳೆಯ ಇಟ್ಟಿಗೆಗಳ ಡಬ್ಬಿ ಬಂಧುಗಳ ಮನೆಯಲ್ಲಿದ್ದರೆ ಸಂಕೋಚವಿಲ್ಲದೆ ಕೇಳಿ ತನ್ನಿರಿ, ಅವು ಇಂದಿನವುಗಳೊಡನೆ ಹೊಂದುತ್ತವೆ. ಕಟ್ಟಿ ಮುಗಿದ ಮೇಲೆ ಮಗುವನ್ನು ಒಂದೇ ಪ್ರಶ್ನೆ ಕೇಳಿರಿ: ಈ ಕೋಟೆಯೊಳಗೆ ಯಾರಿದ್ದಾರೆ, ಅವರಿಗೆ ಏನಾಯಿತು? ಉತ್ತರ ಕನ್ನಡದಲ್ಲಿ ಬಂದರೆ ಕೊಟ್ಟ ಹಣ ಬಡ್ಡಿ ಸಮೇತ ಮರಳಿದಂತೆ.